ಅಡುಗೆಮನೆಯಲ್ಲಿ ಒಂದು ದೇಶವನ್ನು ಕೂಡಿಸಿದ ಪೆಲ್ಲೆಗ್ರೀನೊ ಅರ್ತೂಸಿ

ಇಟಲಿ ಎಂದೊಡನೆ ನಮ್ಮ ಕಣ್ಣ ಮುಂದೆ ಮೂಡುವುದು ವೆನಿಸ್ಸಿನ ಕಾಲುವೆಗಳು, ರೋಮಿನ ಪ್ರಾಚೀನ ರಂಗಭೂಮಿ, ಪೀಸಾದ ವಾಲುಗೋಪುರ. ಅವುಗಳ ಬೆನ್ನಿಗೇ ನೆನಪಾಗುವುದು ಆ ನಾಡಿನ ಊಟ. ಪ್ರವಾಸಕ್ಕೆ ಹೋಗಿ ಬಂದವರು ಚಿತ್ರಶಾಲೆಗಳ ಹೆಸರನ್ನು ಮರೆತರೂ ಬೀದಿಬದಿಯ ಪುಟ್ಟ ಖಾನಾವಳಿಯೊಂದರಲ್ಲಿ ಸವಿದ ಪಾಸ್ತಾವನ್ನೂ ಜೊತೆಗೆ ಬಂದ ಸ್ಥಳೀಯ ದ್ರಾಕ್ಷಾರಸವನ್ನೂ ಮರೆಯುವುದಿಲ್ಲ. ಇಂದು ಜಗತ್ತಿನ ಯಾವ ಮಹಾನಗರದಲ್ಲಿ ನಿಂತು ಕೇಳಿದರೂ ಇಟಾಲಿಯನ್ ಅಡುಗೆ ಎಂದರೇನು ಎಂಬ ಪ್ರಶ್ನೆಗೆ ಮಕ್ಕಳೂ ಉತ್ತರ ಹೇಳಿಯಾರು. ಆದರೆ ನೂರೈವತ್ತು ವರ್ಷಗಳ ಹಿಂದೆ ಇಟಲಿಯವರನ್ನೇ ಈ ಪ್ರಶ್ನೆ ಕೇಳಿದ್ದರೆ ಅವರು ತಬ್ಬಿಬ್ಬಾಗುತ್ತಿದ್ದರು. ಆಗ ನೇಪಲ್ಸಿನ ಅಡುಗೆ ಇತ್ತು, ಮಿಲಾನಿನ ಅಡುಗೆ ಇತ್ತು, ಬೊಲೋನ್ಯಾದ ಅಡುಗೆ ಇತ್ತು. ಇಟಲಿಯ ಅಡುಗೆ ಎಂಬುದೊಂದು ಇರಲಿಲ್ಲ. ಚೆದುರಿದ್ದ ಈ ರುಚಿಗಳನ್ನು ಒಂದೇ ಹೊತ್ತಗೆಯೊಳಗೆ ಕೂಡಿಸಿ, ಹೊಸದಾಗಿ ಹುಟ್ಟಿದ ರಾಷ್ಟ್ರವೊಂದಕ್ಕೆ ಅದರದೇ ಊಟದ ಪರಿಚಯ ಮಾಡಿಸಿದವರು ಪೆಲ್ಲೆಗ್ರೀನೊ ಅರ್ತೂಸಿ. ಅವರು ಬಾಣಸಿಗರಲ್ಲ, ಸರಕಾರಿ ಅಧಿಕಾರಿಯಲ್ಲ, ಪಂಡಿತರೂ ಅಲ್ಲ. ರೇಷ್ಮೆಯ ವ್ಯಾಪಾರದಿಂದ ನಿವೃತ್ತರಾದ ಓರ್ವ ಅವಿವಾಹಿತ ಗೃಹಸ್ಥರು. ಅವರ ಜೀವನಕಥೆ ಇಟಲಿಯ ಊಟದಷ್ಟೇ ಸ್ವಾರಸ್ಯಕರವಾಗಿದೆ; ಆದರೆ ಅದರ ಹಿಂದೆ ಆರದ ಗಾಯವೊಂದಿದೆ.

ಅರ್ತೂಸಿಯವರು ಜನಿಸಿದ್ದು 1820ರ ಆಗಸ್ಟ್ 4ರಂದು, ಫೊರ್ಲಿಂಪೋಪೊಲಿ ಎಂಬ ಸಣ್ಣ ಪಟ್ಟಣದಲ್ಲಿ. ಪ್ರಾಚೀನ ರೋಮನ್ನರು ನಿರ್ಮಿಸಿದ ಎಮಿಲಿಯಾ ಹೆದ್ದಾರಿಯ ಮೇಲೆ, ಫೊರ್ಲಿ ಮತ್ತು ಚೆಜೇನಾ ನಗರಗಳ ನಡುವೆ ಈ ಊರಿದೆ. ಇದು ರೊಮಾನ್ಯಾ ಪ್ರಾಂತ. ಆ ಕಾಲದಲ್ಲಿ ಅದು ಪೋಪರ ಆಳ್ವಿಕೆಗೆ ಸೇರಿತ್ತು. ಇಟಲಿ ಎಂಬ ಹೆಸರಿನ ರಾಜ್ಯವಾಗಲಿ ಸರಕಾರವಾಗಲಿ ಇರಲಿಲ್ಲ. ತಂದೆ ಅಗೊಸ್ತೀನೊ ಊರಿನಲ್ಲಿ ಅಂಗಡಿ ನಡೆಸುತ್ತಿದ್ದ ಅನುಕೂಲಸ್ಥ ವರ್ತಕರು. ತಾಯಿ ತೆರೇಸಾ. ಫೊರ್ಲಿಯ ಸಂತ ಪೆಲ್ಲೆಗ್ರೀನೊ ಅವರ ಹೆಸರನ್ನೇ ಮಗನಿಗೆ ಇಟ್ಟರು. ಇಟಾಲಿಯನ್ ಭಾಷೆಯಲ್ಲಿ ಆ ಪದಕ್ಕೆ ಯಾತ್ರಿಕ ಎಂಬ ಅರ್ಥವಿದೆ. ಮುಂದೆ ಊರೂರು ಅಲೆದು ರುಚಿಗಳನ್ನು ಕೂಡಿಹಾಕಿದ ವ್ಯಕ್ತಿಗೆ ಇದಕ್ಕಿಂತ ಹೊಂದುವ ಹೆಸರು ಬೇರೊಂದಿರಲಾರದು.

ಬಾಲ್ಯದ ವಿದ್ಯಾಭ್ಯಾಸ ನಡೆದದ್ದು ಹತ್ತಿರದ ಬೆರ್ತಿನೊರೊ ಎಂಬ ಗುಡ್ಡದ ಮೇಲಿನ ಊರಿನ ಧಾರ್ಮಿಕ ವಿದ್ಯಾಲಯದಲ್ಲಿ. ಬೆರ್ತಿನೊರೊ ಎರಡು ಕಾರಣಗಳಿಗಾಗಿ ಪ್ರಸಿದ್ಧವಾಗಿದೆ. ಒಂದು, ಅದರ ಇಳಿಜಾರುಗಳಲ್ಲಿ ಬೆಳೆಯುವ ಅಲ್ಬಾನಾ ದ್ರಾಕ್ಷಿಯಿಂದ ತಯಾರಾಗುವ ಬಿಳಿಯ ದ್ರಾಕ್ಷಾರಸ. 1987ರಲ್ಲಿ ಇಟಲಿಯ ಅತ್ಯುನ್ನತ ದರ್ಜೆಯ ಮಾನ್ಯತೆಯನ್ನು ಪಡೆದ ಬಿಳಿಯ ದ್ರಾಕ್ಷಾರಸಗಳಲ್ಲಿ ಇದೇ ಮೊದಲನೆಯದು. ಇನ್ನೊಂದು, ಊರ ಚೌಕದಲ್ಲಿರುವ ಆತಿಥ್ಯದ ಕಂಬ. ಆ ಕಲ್ಲುಕಂಬದ ಸುತ್ತ ಕಬ್ಬಿಣದ ಬಳೆಗಳಿವೆ. ಮಧ್ಯಯುಗದಲ್ಲಿ ಒಂದೊಂದು ಬಳೆಯೂ ಊರಿನ ಒಂದೊಂದು ಮನೆತನಕ್ಕೆ ಸೇರಿದ್ದಾಗಿತ್ತು. ಬಂದ ಪರಸ್ಥಳದವನು ತನ್ನ ಕುದುರೆಯನ್ನು ಯಾವ ಬಳೆಗೆ ಕಟ್ಟುತ್ತಾನೋ ಆ ಮನೆಯವರಿಗೆ ಅವನನ್ನು ಸತ್ಕರಿಸುವ ಭಾಗ್ಯ. ಅತಿಥಿಗಾಗಿ ಮನೆಮನೆಗಳ ನಡುವೆ ಜಗಳವಾಗದಿರಲೆಂದು ಈ ಏರ್ಪಾಡು ಮಾಡಿದರೆಂಬ ಪ್ರತೀತಿಯಿದೆ. ಅತಿಥಿಯನ್ನು ದೇವರೆಂದು ಕಾಣುವ ನಮಗೆ ಇದು ಪರಕೀಯವೆನಿಸದು. ಇಂಥ ಪರಿಸರದಲ್ಲಿ ಬೆಳೆದ ಬಾಲಕನಿಗೆ ಊಟವೆಂದರೆ ಕೇವಲ ಹಸಿವು ನೀಗುವ ಕ್ರಿಯೆಯಾಗಿರಲಿಲ್ಲ.

ಯೌವನದಲ್ಲಿ ಅರ್ತೂಸಿಯವರು ತಂದೆಯ ವ್ಯಾಪಾರಕ್ಕೆ ಹೆಗಲು ಕೊಟ್ಟರು. ಆಗಾಗ ಬೊಲೋನ್ಯಾ ನಗರಕ್ಕೆ ಹೋಗಿ ಅಲ್ಲಿನ ವಿದ್ಯಾರ್ಥಿಗಳ ಒಡನಾಟದಲ್ಲಿ ದಿನ ಕಳೆಯುವುದೂ ಇತ್ತು. 1850ರಲ್ಲಿ ಅಲ್ಲಿನ ಮೂವರು ರಾಜರು ಎಂಬ ಹೆಸರಿನ ಖಾನಾವಳಿಯಲ್ಲಿ ನಡೆದ ಪ್ರಸಂಗವೊಂದನ್ನು ಅವರು ತಮ್ಮ ಗ್ರಂಥದಲ್ಲಿ ನೆನೆದುಕೊಂಡಿದ್ದಾರೆ. ವಿದ್ಯಾರ್ಥಿಗಳ ಗುಂಪಿನಲ್ಲಿ ಫೆಲೀಚೆ ಒರ್ಸೀನಿ ಎಂಬ ಕ್ರಾಂತಿಕಾರಿಯೂ ಕುಳಿತಿದ್ದ. ಆತ ದೇಶದ ಬಿಡುಗಡೆ, ಮುಂದಿನ ದಂಗೆ, ಅದರ ನಾಯಕತ್ವ ಮುಂತಾದ ವಿಷಯಗಳನ್ನು ಆವೇಶದಿಂದ ವಿವರಿಸುತ್ತಿದ್ದರೆ ಅರ್ತೂಸಿಯವರ ಗಮನವೆಲ್ಲ ಆಗತಾನೇ ಮೇಜಿಗೆ ಬಂದ ಮ್ಯಾಕರೋನಿಯ ತಟ್ಟೆಯ ಮೇಲಿತ್ತು. ಅದೇ ಒರ್ಸೀನಿ 1858ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಗಾಡಿಯ ಮೇಲೆ ಬಾಂಬ್ ಎಸೆದು, ಎರಡು ತಿಂಗಳ ತರುವಾಯ ಶಿರಚ್ಛೇದಕ್ಕೆ ಗುರಿಯಾದ. ಒಂದೇ ಮೇಜಿನ ಸುತ್ತ ಕುಳಿತ ಇಬ್ಬರಲ್ಲಿ ಒಬ್ಬ ದೇಶವನ್ನು ಒಂದುಗೂಡಿಸಲು ಬಾಂಬನ್ನು ನಂಬಿದ. ಮತ್ತೊಬ್ಬರು ತಮಗೇ ಅರಿವಿಲ್ಲದಂತೆ, ಆ ಮ್ಯಾಕರೋನಿಯ ತಟ್ಟೆಯಲ್ಲಿ ಅದೇ ಗುರಿಯ ಇನ್ನೊಂದು ದಾರಿಯನ್ನು ಕಂಡುಕೊಂಡಿದ್ದರು.

ಮರುವರ್ಷವೇ ಅವರ ಬದುಕು ತಲೆಕೆಳಗಾಯಿತು. ಆ ದಿನಗಳಲ್ಲಿ ರೊಮಾನ್ಯಾದ ಹಳ್ಳಿಪಟ್ಟಣಗಳನ್ನು ನಡುಗಿಸುತ್ತಿದ್ದವನು ಸ್ತೇಫಾನೊ ಪೆಲ್ಲೋನಿ ಎಂಬ ದರೋಡೆಕೋರ. ಆತನ ತಂದೆ ದೋಣಿಕಟ್ಟೆಯ ಅಂಬಿಗನಾಗಿದ್ದುದರಿಂದ ಜನ ಅವನನ್ನು ಅಂಬಿಗ ಎಂಬ ಅರ್ಥ ಬರುವ ಪಾಸ್ಸತೋರೆ ಎಂಬ ಹೆಸರಿನಿಂದಲೇ ಕರೆಯುತ್ತಿದ್ದರು. 1851ರ ಜನವರಿ 25ರ ರಾತ್ರಿ ಫೊರ್ಲಿಂಪೋಪೊಲಿಯ ಕೋಟೆಯೊಳಗಿನ ನಾಟಕಶಾಲೆಯಲ್ಲಿ ಊರಿನ ಗಣ್ಯರೆಲ್ಲ ನಾಟಕ ನೋಡಲು ನೆರೆದಿದ್ದರು. ಒಂದು ಅಂಕ ಮುಗಿದು ಮತ್ತೆ ಪರದೆ ಮೇಲೆದ್ದಾಗ ರಂಗದ ಮೇಲೆ ಕಂಡವರು ನಟರಲ್ಲ, ಬಂದೂಕುಗಳನ್ನು ಪ್ರೇಕ್ಷಕರತ್ತ ಗುರಿಯಿಟ್ಟು ನಿಂತ ಪಾಸ್ಸತೋರೆ ಮತ್ತವನ ಸಹಚರರು. ಹಣವಂತರ ಹೆಸರುಗಳನ್ನು ಒಂದೊಂದಾಗಿ ಕೂಗಿ ಸುಲಿಗೆ ಮಾಡಿದರು. ಬಳಿಕ ಮನೆಗಳಿಗೆ ನುಗ್ಗಿದರು. ಅರ್ತೂಸಿ ಕುಟುಂಬದ ಮನೆಯೂ ಅವರ ಪಾಲಾಯಿತು. ಹೋದ ಹಣ ಮರಳಿ ಗಳಿಸಬಹುದಾಗಿತ್ತು. ಆದರೆ ಸೋದರಿ ಜೆರ್ತ್ರೂಡೆ ಆ ರಾತ್ರಿಯ ಆಘಾತದಿಂದ ಚೇತರಿಸಿಕೊಳ್ಳಲೇ ಇಲ್ಲ. ಬುದ್ಧಿಭ್ರಮಣೆಗೆ ಒಳಗಾದ ಆಕೆಯನ್ನು ಪೇಸಾರೊ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಬೇಕಾಯಿತು.

ಎರಡು ತಿಂಗಳೊಳಗೆ ಪಾಸ್ಸತೋರೆ ಪೋಪರ ಸೈನಿಕರ ಗುಂಡಿಗೆ ಬಲಿಯಾದ. ಆದರೆ ಕಾಲದ ವಿಚಿತ್ರ ನೋಡಿ. ಬಡವರ ಬಂಧು, ಸೌಜನ್ಯದ ದೊರೆ ಎಂಬ ಕೀರ್ತಿ ಆತನಿಗೆ ಅಂಟಿಕೊಂಡಿತು. ರೊಮಾನ್ಯಾದ ಕವಿ ಜೊವಾನ್ನಿ ಪಾಸ್ಕೊಲಿ ತಮ್ಮ ಕವಿತೆಯೊಂದರಲ್ಲಿ ಆತನನ್ನು ಗೌರವದಿಂದಲೇ ಸ್ಮರಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಆ ಪ್ರಾಂತದ ದ್ರಾಕ್ಷಾರಸ ಉತ್ಪಾದಕರ ಒಕ್ಕೂಟ ತನ್ನ ಚಿಹ್ನೆಯಾಗಿ ಆರಿಸಿಕೊಂಡದ್ದೂ ಅಗಲ ಟೋಪಿಯ, ಗಡ್ಡದ ಪಾಸ್ಸತೋರೆಯ ಮುಖವನ್ನೇ. ಸಾಂಜೊವೇಜೆ ಎಂಬ ಕೆಂಪು ದ್ರಾಕ್ಷಾರಸದ ಶೀಶೆಯನ್ನು ಕೈಗೆತ್ತಿಕೊಳ್ಳುವ ಪ್ರವಾಸಿ ಆ ಚಿತ್ರವನ್ನು ಜಾನಪದದ ಒಂದು ಅಲಂಕಾರವೆಂದು ಭಾವಿಸುತ್ತಾನೆ. ಜೆರ್ತ್ರೂಡೆಯ ಕಥೆ ಬಲ್ಲವರಿಗೆ ಮಾತ್ರ ಆ ಮುಖದ ಹಿಂದೆ ಇನ್ನೊಂದು ಮುಖ ಕಾಣುತ್ತದೆ.

ಆ ಘಟನೆಯ ಬಳಿಕ ಅರ್ತೂಸಿ ಕುಟುಂಬ ಹುಟ್ಟೂರನ್ನು ತೊರೆದು, ಅಪೆನ್ನೈನ್ ಪರ್ವತಗಳನ್ನು ದಾಟಿ ತಸ್ಕನಿಯ ಫ್ಲಾರೆನ್ಸ್ ನಗರಕ್ಕೆ ಬಂದು ನೆಲೆಸಿತು. ಪೆಲ್ಲೆಗ್ರೀನೊ ಅವರಿಗೆ ಆಗ ಮೂವತ್ತೊಂದರ ಹರೆಯ. ರೊಮಾನ್ಯಾದಿಂದ ಫ್ಲಾರೆನ್ಸ್ ದೂರದ ಊರಲ್ಲ. ಆದರೂ ಮಾತು ಬೇರೆ, ಊಟ ಬೇರೆ, ಆಳುವ ದೊರೆ ಬೇರೆ. ಹೊಸ ನೆಲದಲ್ಲಿ ಅವರು ರೇಷ್ಮೆಯ ವ್ಯಾಪಾರವನ್ನೂ ಲೇವಾದೇವಿಯನ್ನೂ ಕೈಗೊಂಡು ಶ್ರದ್ಧೆಯಿಂದ ದುಡಿದರು. ವ್ಯಾಪಾರದ ನಿಮಿತ್ತ ಊರೂರು ತಿರುಗುವಾಗ ಅಲ್ಲಲ್ಲಿನ ಖಾನಾವಳಿಗಳಲ್ಲಿ ಉಣ್ಣುತ್ತ, ಮೆಚ್ಚಿಗೆಯಾದುದರ ಪಾಕವನ್ನು ಕೇಳಿ ತಿಳಿಯುತ್ತ ಹೋದರು.

ಇಂಥ ಪ್ರವಾಸಗಳಲ್ಲೊಂದು ಅವರ ಪಾಲಿಗೆ ಕಡೆಯ ಪ್ರವಾಸವಾಗಬಹುದಿತ್ತು. 1855ರಲ್ಲಿ ಇಟಲಿಯ ಹಲವೆಡೆ ಕಾಲರಾ ಹಬ್ಬಿದ್ದಾಗ ಅವರು ಸಮುದ್ರಸ್ನಾನಕ್ಕೆಂದು ಲಿವೋರ್ನೊ ಬಂದರಿಗೆ ಹೋಗಿದ್ದರು. ಸಂಜೆ ಖಾನಾವಳಿಯೊಂದರಲ್ಲಿ ಮಿನೆಸ್ತ್ರೋನೆ, ಅಂದರೆ ತರಕಾರಿ ಮತ್ತು ಅಕ್ಕಿ ಹಾಕಿದ ಗಟ್ಟಿ ಸಾರನ್ನು ಉಂಡು, ಹೊಸದಾಗಿ ಕಟ್ಟಿದ ಮನೆಯೊಂದರಲ್ಲಿ ಬಾಡಿಗೆಗೆ ಕೋಣೆ ಹಿಡಿದರು. ರಾತ್ರಿಯಿಡೀ ಹೊಟ್ಟೆನೋವು, ರಾತ್ರಿಯಿಡೀ ಆ ಸಾರಿಗೆ ಶಾಪ. ಬೆಳಗಾದೊಡನೆ ಫ್ಲಾರೆನ್ಸಿಗೆ ಓಡಿ ಬಂದರು. ಕೆಲದಿನಗಳಲ್ಲೇ ಸುದ್ದಿ ಬಂತು: ಲಿವೋರ್ನೊದಲ್ಲಿ ಕಾಲರಾ ಕಾಣಿಸಿಕೊಂಡಿದೆ, ಅದಕ್ಕೆ ಮೊದಲ ಬಲಿ ಆ ಬಾಡಿಗೆ ಮನೆಯ ಒಡೆಯನೇ. ಅನ್ಯಾಯವಾಗಿ ಬೈಸಿಕೊಂಡ ಮಿನೆಸ್ತ್ರೋನೆಯ ಗೌರವವನ್ನು ಮರಳಿಸಲೋ ಎಂಬಂತೆ ಅವರು ಮುಂದೆ ತಮ್ಮ ಗ್ರಂಥದಲ್ಲಿ ಈ ಕಥೆಯ ಬೆನ್ನಿಗೇ ಅದರ ಪಾಕವನ್ನೂ ವಿವರವಾಗಿ ಬರೆದರು. ಸಾವಿನ ನೆರಳು ಸೋಕಿದ ಪ್ರಸಂಗವನ್ನೂ ನಗುಮೊಗದಿಂದ ಹೇಳುವ ಈ ಗುಣವೇ ಅವರನ್ನು ಓದುಗರಿಗೆ ಹತ್ತಿರದವರನ್ನಾಗಿ ಮಾಡಿತು.

ಈ ನಡುವೆ ಚರಿತ್ರೆಯೇ ಅವರ ಮನೆಬಾಗಿಲಿಗೆ ಬಂತು. 1861ರಲ್ಲಿ ಇಟಲಿ ಒಂದು ರಾಜ್ಯವಾಯಿತು. 1865ರಿಂದ 1871ರವರೆಗೆ ಫ್ಲಾರೆನ್ಸ್ ಅದರ ರಾಜಧಾನಿಯಾಗಿತ್ತು. ಅದೇ ಸುಮಾರಿಗೆ, ಸೋದರಿಯರ ವಿವಾಹ ಕಾರ್ಯಗಳು ಮುಗಿದು, ತಾಯಿತಂದೆಯರು ಕಾಲವಾದ ಬಳಿಕ, ನಲವತ್ತೈದರ ಆಸುಪಾಸಿನಲ್ಲಿ ಅರ್ತೂಸಿಯವರು ವ್ಯಾಪಾರದಿಂದ ನಿವೃತ್ತರಾದರು. ಹೊಸದಾಗಿ ನಿರ್ಮಾಣವಾದ ದಾಜೆಲ್ಯೊ ಚೌಕದಲ್ಲಿ ಮನೆ ಮಾಡಿದರು. ಮದುವೆಯಾಗಲಿಲ್ಲ. ಹುಟ್ಟೂರು ಫೊರ್ಲಿಂಪೋಪೊಲಿಯಿಂದ ಬಂದ ಫ್ರಾಂಚೆಸ್ಕೊ ರುಫ್ಫಿಲ್ಲಿ ಮತ್ತು ತಸ್ಕನಿಯ ಹಳ್ಳಿಯೊಂದರಿಂದ ಬಂದ ಮಾರಿಯೆತ್ತಾ ಸಬಾತೀನಿ ಎಂಬಿಬ್ಬರು ಅಡುಗೆಯವರು, ಎರಡು ಬಿಳಿಯ ಬೆಕ್ಕುಗಳು, ತುಂಬಿದ ಪುಸ್ತಕದ ಕಪಾಟು. ಇದೇ ಅವರ ಸಂಸಾರ.

ಸಾಹಿತಿಯಾಗಬೇಕೆಂಬುದು ಅವರ ಬಹುಕಾಲದ ಹಂಬಲ. 1878ರಲ್ಲಿ ಕವಿ ಊಗೊ ಫೋಸ್ಕೊಲೊ ಅವರ ಜೀವನಚರಿತ್ರೆಯನ್ನು ಸ್ವಂತ ಖರ್ಚಿನಲ್ಲಿ ಪ್ರಕಟಿಸಿದರು. 1881ರಲ್ಲಿ ಮತ್ತೋರ್ವ ಕವಿ ಜುಸೆಪ್ಪೆ ಜುಸ್ತಿಯವರ ಪತ್ರಗಳ ಮೇಲಿನ ಟಿಪ್ಪಣಿಗಳನ್ನು ಹೊರತಂದರು. ಎರಡನ್ನೂ ವಿದ್ವಜ್ಜನರು ಕಣ್ಣೆತ್ತಿ ನೋಡಲಿಲ್ಲ. ಹತಾಶೆಯಿಂದ ಕೈಚೆಲ್ಲುವ ಬದಲು ಅವರು ತಮಗೆ ನಿಜವಾಗಿ ಗೊತ್ತಿದ್ದ ವಿಷಯಕ್ಕೆ ಮರಳಿದರು. ವರ್ಷಗಳಿಂದ ಕೂಡಿಟ್ಟ ಪಾಕಗಳನ್ನು ತಮ್ಮ ಅಡುಗೆಮನೆಯಲ್ಲಿ ಮತ್ತೆ ಮತ್ತೆ ಮಾಡಿಸಿ, ರುಚಿ ನೋಡಿ, ತಿದ್ದಿ ಬರೆದಿಟ್ಟರು. ಒಲೆಯ ಮುಂದೆ ನಿಂತು ಬೆವರು ಹರಿಸಿದವರು ಮಾರಿಯೆತ್ತಾ ಮತ್ತು ಫ್ರಾಂಚೆಸ್ಕೊ. ಮೇಜಿನ ಮುಂದೆ ಕುಳಿತು ತೀರ್ಪು ಕೊಟ್ಟು ಬರೆದವರು ಅರ್ತೂಸಿ. ಈ ಸಂಗತಿಯನ್ನು ಅವರೆಂದೂ ಮರೆಮಾಚಲಿಲ್ಲ. ಕ್ರಿಸ್ಮಸ್ ಕಾಲದ ಪಾನೆತ್ತೋನೆ ಎಂಬ ಸಿಹಿ ರೊಟ್ಟಿಯ ಪಾಕವೊಂದಕ್ಕೆ ಮಾರಿಯೆತ್ತಾಳ ಹೆಸರನ್ನೇ ಇಟ್ಟು, ಅದು ಮಿಲಾನಿನ ಪ್ರಸಿದ್ಧ ಪಾನೆತ್ತೋನೆಗಿಂತ ಮೇಲೆಂದು ಕೊಂಡಾಡಿದ್ದಾರೆ.

ಅಡುಗೆಯ ವಿಜ್ಞಾನ ಮತ್ತು ಚೆನ್ನಾಗಿ ಉಣ್ಣುವ ಕಲೆ ಎಂಬ ಅರ್ಥದ ಹೆಸರು ಹೊತ್ತ ಈ ಗ್ರಂಥಕ್ಕೆ ಪ್ರಕಾಶಕರು ಸಿಗಲಿಲ್ಲ. ಫೋಸ್ಕೊಲೊ ವಿದ್ವಾಂಸರಾದ ಪ್ರಾಧ್ಯಾಪಕ ಮಿತ್ರರೊಬ್ಬರು ಇದು ಮಾರಾಟವಾಗುವ ಪುಸ್ತಕವಲ್ಲವೆಂದು ಭವಿಷ್ಯ ನುಡಿದರು. ಕಡೆಗೆ 1891ರಲ್ಲಿ, ತಮ್ಮ ಎಪ್ಪತ್ತೊಂದನೆಯ ವರ್ಷದಲ್ಲಿ, ಅರ್ತೂಸಿಯವರು ಸ್ವಂತ ಹಣದಿಂದ ಸಾವಿರ ಪ್ರತಿಗಳನ್ನು ಮುದ್ರಿಸಿದರು. ಅದರಲ್ಲಿದ್ದುದು 475 ಪಾಕಗಳು. ಅರ್ಪಣೆ ತಮ್ಮ ಎರಡು ಬೆಕ್ಕುಗಳಿಗೆ. ಹುಟ್ಟೂರಿನಲ್ಲಿ ಧರ್ಮಾರ್ಥ ಲಾಟರಿ ನಡೆದಾಗ ಬಹುಮಾನಕ್ಕೆಂದು ಎರಡು ಪ್ರತಿಗಳನ್ನು ಕಳುಹಿಸಿದರು. ಗೆದ್ದವರು ಪುಸ್ತಕವನ್ನು ಗೇಲಿಮಾಡಿ ತಂಬಾಕಿನ ಅಂಗಡಿಯವನಿಗೆ ಮಾರಿಬಿಟ್ಟರು. ನಲವತ್ತು ವರ್ಷಗಳ ಹಿಂದೆ ತಮ್ಮ ಮನೆಯನ್ನು ಕಳೆದುಕೊಂಡ ಊರಿನಲ್ಲೇ ಅವರ ಪುಸ್ತಕಕ್ಕೆ ಈ ಗತಿ ಬಂತು. ಇಷ್ಟನ್ನೂ ಅವರು ಮುಂದಿನ ಆವೃತ್ತಿಗಳ ಮುನ್ನುಡಿಯಲ್ಲಿ, ಕಿಚ್ಚಿನ ಮೂಲೆಯಲ್ಲಿ ಬೂದಿ ಮೆತ್ತಿಕೊಂಡು ಕುಳಿತ ಸಿಂಡ್ರೆಲಾಳ ಕಥೆಗೆ ಹೋಲಿಸಿ ತಮಾಷೆಯಾಗಿ ಬರೆದಿದ್ದಾರೆ.

ಆದರೆ ಸಿಂಡ್ರೆಲಾಳ ಕಥೆ ಅಲ್ಲಿಗೇ ಮುಗಿಯುವುದಿಲ್ಲವಷ್ಟೆ. ಖ್ಯಾತ ಮಾನವಶಾಸ್ತ್ರಜ್ಞ ಪಾವ್ಲೊ ಮಾಂತೆಗಾಜ್ಜಾ ಈ ಪುಸ್ತಕವನ್ನು ಮೆಚ್ಚಿ, ನೂರು ಆವೃತ್ತಿಗಳನ್ನು ಕಾಣಲೆಂದು ಹರಸಿದರು. ನೂರು ಬಹಳವಾಯಿತು, ಎರಡಾದರೆ ಸಾಕು ಎಂದು ಅರ್ತೂಸಿಯವರು ವಿನಯದಿಂದ ಉತ್ತರಿಸಿದರು. ಮೊದಲ ಮುದ್ರಣ ನಿಧಾನವಾಗಿ ತೀರಿತು. ಎರಡನೆಯದು ಬೇಗ ತೀರಿತು. ಆಮೇಲೆ ಅಂಚೆಯ ಮೂಲಕ ಬೇಡಿಕೆಗಳು ಬರತೊಡಗಿದವು. ಪುಸ್ತಕವನ್ನು ಕೊಂಡ ಗೃಹಿಣಿಯರು ಕೃತಜ್ಞತೆಯ ಪತ್ರ ಬರೆದರು, ತಿದ್ದುಪಡಿ ಸೂಚಿಸಿದರು, ತಂತಮ್ಮ ಊರಿನ ಪಾಕಗಳನ್ನು ಕಳುಹಿಸಿದರು. ಅರ್ತೂಸಿಯವರು ಅವನ್ನೆಲ್ಲ ಮನೆಯಲ್ಲಿ ಮಾಡಿಸಿ ನೋಡಿ, ಒಪ್ಪಿಗೆಯಾದವನ್ನು ಮುಂದಿನ ಆವೃತ್ತಿಗೆ ಸೇರಿಸಿದರು. 1910ರಲ್ಲಿ ಬಂದ ಹದಿನಾಲ್ಕನೆಯ ಆವೃತ್ತಿಯ ಹೊತ್ತಿಗೆ ಪಾಕಗಳ ಸಂಖ್ಯೆ 790ಕ್ಕೆ ಏರಿತ್ತು. ಐವತ್ತು ಸಾವಿರಕ್ಕೂ ಹೆಚ್ಚು ಪ್ರತಿಗಳು ಮನೆಮನೆ ಸೇರಿದ್ದವು. ಒಬ್ಬ ವ್ಯಕ್ತಿ ಬರೆಯಲು ಆರಂಭಿಸಿದ ಪುಸ್ತಕವನ್ನು ಇಡೀ ದೇಶದ ಹೆಣ್ಣುಮಕ್ಕಳು ಸೇರಿ ಬರೆದು ಮುಗಿಸಿದರೆಂದರೆ ಉತ್ಪ್ರೇಕ್ಷೆಯಾಗದು.

ಈ ಯಶಸ್ಸಿನ ಗುಟ್ಟೇನು? ಅದಕ್ಕೆ ಮುಂಚೆ ಇಟಲಿಯಲ್ಲಿ ಅಡುಗೆಯ ಪುಸ್ತಕಗಳಿರಲಿಲ್ಲವೆಂದಲ್ಲ. ಇದ್ದವುಗಳಲ್ಲಿ ಬಹುಪಾಲು ಶ್ರೀಮಂತರ ಮನೆಯ ಬಾಣಸಿಗರಿಗೆ ಮೀಸಲಾದವು; ಅವುಗಳ ಭಾಷೆಯೋ ಅರ್ಧ ಫ್ರೆಂಚ್. ಇತ್ತ ರಾಜ್ಯ ಒಂದಾಗಿದ್ದರೂ ಜನರ ಮಾತು ಒಂದಾಗಿರಲಿಲ್ಲ. 1861ರಲ್ಲಿ ಇಟಾಲಿಯನ್ ಭಾಷೆಯನ್ನು ಬಲ್ಲವರು ನೂರಕ್ಕೆ ಹತ್ತು ಮಂದಿಗಿಂತ ಹೆಚ್ಚಿರಲಿಲ್ಲವೆಂದೂ, ಎರಡೂವರೆ ಮಂದಿಯಷ್ಟೇ ಇದ್ದರೆಂದೂ ಭಾಷಾಶಾಸ್ತ್ರಜ್ಞರು ಬೇರೆ ಬೇರೆ ಲೆಕ್ಕ ಹಾಕಿದ್ದಾರೆ. ಉಳಿದವರಿಗೆ ತಮ್ಮ ತಮ್ಮ ಪ್ರಾಂತದ ನುಡಿಯೇ ಗತಿ. ಒಂದೇ ಸೊಪ್ಪಿಗೆ, ಒಂದೇ ಮೀನಿಗೆ, ಒಂದೇ ಪಾತ್ರೆಗೆ ಊರಿಗೊಂದು ಹೆಸರು. ಅರ್ತೂಸಿಯವರು ಫ್ಲಾರೆನ್ಸಿನ ತಿಳಿಯಾದ ಆಡುಮಾತನ್ನು ಆರಿಸಿಕೊಂಡರು. ತಸ್ಕನಿಯ ಹೊರಗಿನವರಿಗೆ ಅರ್ಥವಾಗದ ಪದಗಳಿಗೆ ಪುಸ್ತಕದ ಮೊದಲಲ್ಲೇ ಅರ್ಥಕೋಶ ಕೊಟ್ಟರು. ಫ್ರೆಂಚ್ ಪದಗಳ ಬದಲು ಆದಷ್ಟೂ ಇಟಾಲಿಯನ್ ಪದಗಳನ್ನು ಬಳಸಿದರು. ಅಳತೆಗಳನ್ನೆಲ್ಲ ಹೊಸ ಗ್ರಾಮುಗಳಲ್ಲಿ ಬರೆದರು. ನೇಪಲ್ಸಿನ ಮ್ಯಾಕರೋನಿ, ಮಿಲಾನಿನ ರಿಸೊತ್ತೊ, ರೊಮಾನ್ಯಾದ ತಾಲ್ಯಾತೆಲ್ಲೆ ಮೂರೂ ಒಂದೇ ಭಾಷೆಯಲ್ಲಿ ಅಕ್ಕಪಕ್ಕ ಕುಳಿತದ್ದು ಇಲ್ಲಿಯೇ. 1970ರಲ್ಲಿ ಈ ಗ್ರಂಥವನ್ನು ಸಂಪಾದಿಸಿದ ವಿದ್ವಾಂಸ ಪಿಯೇರೊ ಕಂಪೊರೇಸಿ, ಇಟಲಿಯ ಏಕೀಕರಣಕ್ಕೆ ಮಂಜೋನಿಯವರ ಮಹಾಕಾದಂಬರಿಗಿಂತಲೂ ಅರ್ತೂಸಿಯವರ ಅಡುಗೆ ಪುಸ್ತಕ ಹೆಚ್ಚು ನೆರವಾಯಿತೆಂಬ ಅಭಿಪ್ರಾಯ ವ್ಯಕ್ತಪಡಿಸಿದ್ದಾರೆ. ಶಾಲೆಯ ಮೆಟ್ಟಿಲು ಹತ್ತದ ಮನೆಗಳಿಗೂ ಒಲೆಯ ದಾರಿಯಿಂದ ಭಾಷೆ ನಡೆದುಬಂದಿತ್ತು.

ಗ್ರಂಥದ ಇನ್ನೊಂದು ಆಕರ್ಷಣೆ ಅದರ ಹರಟೆಯ ಗುಣ. ಟೊಮ್ಯಾಟೊ ಗೊಜ್ಜಿನ ಪಾಕಕ್ಕೆ ಮುನ್ನ, ರೊಮಾನ್ಯಾದ ಊರೊಂದರಲ್ಲಿ ಎಲ್ಲರ ಮನೆವಾರ್ತೆಯಲ್ಲೂ ಮೂಗು ತೂರಿಸುತ್ತಿದ್ದ ಪಾದ್ರಿಯೊಬ್ಬನಿಗೆ ಟೊಮ್ಯಾಟೊ ಎಂದೇ ಅಡ್ಡಹೆಸರು ಬಿದ್ದ ಕಥೆ ಬರುತ್ತದೆ. ಎಲ್ಲ ಅಡುಗೆಯಲ್ಲೂ ಇಣುಕುವುದು ಆ ಹಣ್ಣಿನ ಸ್ವಭಾವವಷ್ಟೆ. ಆಲೂಗೆಡ್ಡೆಯ ನ್ಯೋಕ್ಕಿ ಮಾಡುವಾಗ ಹಿಟ್ಟು ಸಾಲದೆ, ಸೌಟು ಹಾಕಿದೊಡನೆ ಪಾತ್ರೆಯಲ್ಲಿ ಉಂಡೆಗಳೇ ಮಾಯವಾಗಿದ್ದ ಗೃಹಿಣಿಯ ಪೇಚಾಟ ಇನ್ನೊಂದೆಡೆ. ಬದನೆಕಾಯಿಯ ಪ್ರಕರಣವಂತೂ ಚಿಂತನೆಗೆ ಹಚ್ಚುವಂಥದು. ನಲವತ್ತು ವರ್ಷಗಳ ಹಿಂದೆ ಫ್ಲಾರೆನ್ಸಿನ ಮಾರುಕಟ್ಟೆಯಲ್ಲಿ ಬದನೆಯೂ ದಪ್ಪ ಸೋಂಪುಗೆಡ್ಡೆಯೂ ಕಾಣುವುದೇ ಅಪರೂಪವಾಗಿತ್ತು. ಅವು ಯಹೂದಿಯರ ಆಹಾರವೆಂಬ ಕಾರಣದಿಂದ ಉಳಿದವರು ಕೀಳಾಗಿ ಕಾಣುತ್ತಿದ್ದರು. ಒಳ್ಳೆಯ ಪದಾರ್ಥವನ್ನು ಗುರುತಿಸುವ ಘ್ರಾಣಶಕ್ತಿ ಯಹೂದಿಯರಿಗೇ ಹೆಚ್ಚಿತ್ತೆಂದು ಅರ್ತೂಸಿಯವರು ನೇರವಾಗಿ ಬರೆದರು. ಅರಬ್ಬರ ಮೂಲದ, ಯಹೂದಿ ಮನೆಗಳಲ್ಲಿ ಬಳಕೆಯಲ್ಲಿದ್ದ ಕುಸ್ಕುಸ್ಸಿಗೂ ತಮ್ಮ ಪುಸ್ತಕದಲ್ಲಿ ಪೀಠ ಹಾಕಿದರು. ಊಟದ ನೆಪದಲ್ಲಿ ಮನುಷ್ಯರನ್ನು ದೂರವಿಡುವ ರೂಢಿ ಯಾವ ದೇಶಕ್ಕೂ ಹೊಸದಲ್ಲ. ಅದನ್ನು ಊಟದ ಮೂಲಕವೇ ತಿದ್ದಲು ಹೊರಟವರು ವಿರಳ.

ದ್ರಾಕ್ಷಾರಸ ಅವರ ಅಡುಗೆಮನೆಯಲ್ಲಿ ಪಾನೀಯವೂ ಹೌದು, ಪದಾರ್ಥವೂ ಹೌದು. ಮಿಲಾನಿನ ಕೇಸರಿ ಬಣ್ಣದ ರಿಸೊತ್ತೊಗೆ ಅವರು ಮೂರು ಪಾಕಗಳನ್ನು ಕೊಟ್ಟಿದ್ದಾರೆ. ಒಂದರಲ್ಲಿ ದ್ರಾಕ್ಷಾರಸವಿಲ್ಲ, ಇನ್ನೊಂದರಲ್ಲಿ ಬಿಳಿಯದು, ಮತ್ತೊಂದರಲ್ಲಿ ಸಿಸಿಲಿಯ ಮಾರ್ಸಾಲಾ. ಆರಿಸಿಕೊಳ್ಳುವ ಸ್ವಾತಂತ್ರ್ಯ ಓದುಗರದು. ಮೊಟ್ಟೆಯ ಹಳದಿಯನ್ನು ಸಕ್ಕರೆಯೊಡನೆ ನೊರೆಬರಿಸಿ ಮಾಡುವ ಝಬಾಯೋನೆಗೂ ಮಾರ್ಸಾಲಾದಂಥ ಸಿಹಿ ದ್ರಾಕ್ಷಾರಸವೇ ಜೀವಾಳ. ಪುಸ್ತಕದ ಕೊನೆಯಲ್ಲಿ ವರ್ಷದ ಹನ್ನೆರಡು ತಿಂಗಳುಗಳಿಗೂ ಹಬ್ಬಗಳಿಗೂ ಹೊಂದುವ ಊಟದ ಪಟ್ಟಿಗಳಿವೆ. ಆಯಾ ಋತುವಿನಲ್ಲಿ ನೆಲ ಕೊಟ್ಟದ್ದನ್ನೇ ಉಣ್ಣಬೇಕೆಂಬ ವಿವೇಕ ಅಲ್ಲಿದೆ. ಆರಂಭದಲ್ಲೇ ಆರೋಗ್ಯದ ಸೂತ್ರಗಳಿವೆ. ರುಚಿಯನ್ನು ಇಷ್ಟು ಪ್ರೀತಿಸಿದವರು ಮಿತಿಯನ್ನೂ ಅಷ್ಟೇ ಪ್ರೀತಿಸಿದ್ದರಿಂದಲೋ ಏನೋ ತೊಂಬತ್ತು ವರ್ಷ ಬಾಳಿದರು.

ಈ ಗ್ರಂಥದ ಕೊರತೆಯನ್ನೂ ಹೇಳದಿದ್ದರೆ ನ್ಯಾಯವಾಗದು. ಅರ್ತೂಸಿಯವರ ಇಟಲಿಯಲ್ಲಿ ರೊಮಾನ್ಯಾ ಮತ್ತು ತಸ್ಕನಿಗಳಿಗೆ ಸಿಂಹಪಾಲು. ದಕ್ಷಿಣದ ಪ್ರಾಂತಗಳಿಗೆ ಸಿಕ್ಕಿದ್ದು ಕೆಲವೇ ಪುಟಗಳು. ನೇಪಲ್ಸಿನ ಪಿಜ್ಜಾ ಎಂಬ ಹೆಸರಿನ ಪಾಕವನ್ನು ಹುಡುಕಿ ತೆರೆದವರಿಗೆ ಅಲ್ಲಿ ಸಿಗುವುದು ರಿಕೋತ್ತಾ ಗಿಣ್ಣು ಮತ್ತು ಬಾದಾಮಿ ತುಂಬಿದ ಸಿಹಿ ಭಕ್ಷ್ಯ! ಟೊಮ್ಯಾಟೊ, ಗಿಣ್ಣುಗಳ ಆ ಬೀದಿಯ ಪಿಜ್ಜಾ ಅವರ ಮಧ್ಯಮವರ್ಗದ ಊಟದ ಮೇಜನ್ನು ಇನ್ನೂ ತಲುಪಿರಲಿಲ್ಲ. ಹಸಿದ ರೈತರ ಇಟಲಿ, ಹಡಗು ಹತ್ತಿ ಅಮೆರಿಕಕ್ಕೆ ಹೊರಟ ಬಡವರ ಇಟಲಿ ಈ ಪುಟಗಳಲ್ಲಿ ಕಾಣುವುದು ಕಡಿಮೆ. ವಿಪರ್ಯಾಸವೆಂದರೆ, ಇಟಲಿಯ ಊಟವನ್ನು ಜಗತ್ತಿಗೆ ಕೊಂಡೊಯ್ದವರಲ್ಲಿ ಹೆಚ್ಚಿನವರು ಆ ಬಡ ದಕ್ಷಿಣದವರೇ. ದೇಶದೊಳಗೆ ರುಚಿಗಳನ್ನು ಕೂಡಿಸಿದವರು ಅರ್ತೂಸಿ. ಕಡಲಾಚೆಗೆ ಹೊತ್ತು ಹಂಚಿದವರು ಹೆಸರಿಲ್ಲದ ವಲಸಿಗರು. ಎರಡೂ ಸೇರಿದಾಗಲೇ ನಾವಿಂದು ಬಲ್ಲ ಇಟಲಿಯ ಊಟ ಪೂರ್ಣವಾಗುತ್ತದೆ.

1911ರ ಮಾರ್ಚ್ 30ರಂದು ಅರ್ತೂಸಿಯವರು ಫ್ಲಾರೆನ್ಸಿನಲ್ಲಿ ಕೊನೆಯುಸಿರೆಳೆದರು. ನಗರವನ್ನು ಮೇಲಿನಿಂದ ನೋಡುವ ಸಾನ್ ಮಿನಿಯಾತೊ ಗುಡ್ಡದ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಅವರು ಬರೆದಿಟ್ಟ ಉಯಿಲು ಅವರ ವ್ಯಕ್ತಿತ್ವಕ್ಕೆ ಹಿಡಿದ ಕನ್ನಡಿ. ತಮ್ಮ ಆಸ್ತಿಯ ಬಹುಭಾಗವನ್ನು ಫೊರ್ಲಿಂಪೋಪೊಲಿಗೆ ಬಿಟ್ಟರು. ಅವಮಾನದ ರಾತ್ರಿಯನ್ನು ಕೊಟ್ಟ ಊರು, ತಮ್ಮ ಪುಸ್ತಕವನ್ನು ತಂಬಾಕಿನ ಅಂಗಡಿಗೆ ಮಾರಿದ ಊರು ಅವರ ಮನಸ್ಸಿನಿಂದ ದೂರವಾಗಿರಲಿಲ್ಲ. ಇನ್ನು ಆ ಪುಸ್ತಕದ ಹಕ್ಕುಗಳನ್ನು ಬರೆದುಕೊಟ್ಟದ್ದು ಮಾರಿಯೆತ್ತಾ ಮತ್ತು ಫ್ರಾಂಚೆಸ್ಕೊ ಅವರಿಗೆ. ಯಾರ ಕೈಯ ರುಚಿಯಿಂದ ಗ್ರಂಥ ಹುಟ್ಟಿತೋ ಅವರಿಗೇ ಅದರ ಫಲ ಸಲ್ಲಲೆಂಬ ಈ ನಿರ್ಧಾರ ಆ ಕಾಲಕ್ಕೆ ಮಾತ್ರವಲ್ಲ, ಈ ಕಾಲಕ್ಕೂ ಅಪರೂಪದ್ದು.

ಊರು ಆ ಋಣವನ್ನು ಮರೆಯಲಿಲ್ಲ. 1997ರಿಂದ ಫೊರ್ಲಿಂಪೋಪೊಲಿಯಲ್ಲಿ ಪ್ರತಿ ಬೇಸಿಗೆಯಲ್ಲೂ ಅರ್ತೂಸಿ ಉತ್ಸವ ಜರಗುತ್ತಿದೆ. ಒಂಬತ್ತು ರಾತ್ರಿಗಳ ಕಾಲ ಬೀದಿಗಳೆಲ್ಲ ಅವರ ಪಾಕಗಳ ಪರಿಮಳದಿಂದ ತುಂಬುತ್ತವೆ. ಯಾವ ಕೋಟೆಯ ನಾಟಕಶಾಲೆಯಲ್ಲಿ ಒಂದು ರಾತ್ರಿ ಊರೇ ಒತ್ತೆಯಾಳಾಗಿತ್ತೋ ಆ ಕೋಟೆಯ ಸುತ್ತಲೇ ಈಗ ಪರಸ್ಥಳದವರು ಕುಳಿತು ಉಣ್ಣುತ್ತಾರೆ. 2007ರಲ್ಲಿ ಅರ್ತೂಸಿ ಭವನ ತೆರೆಯಿತು. ಅಲ್ಲಿ ಗ್ರಂಥಾಲಯವಿದೆ, ಅಡುಗೆ ಶಾಲೆಯಿದೆ, ಭೋಜನಶಾಲೆಯಿದೆ. ಕೈಯಿಂದ ಹಿಟ್ಟು ಲಟ್ಟಿಸಿ ಪಾಸ್ತಾ ಮಾಡುವ ಕಲೆಯನ್ನು ಕಲಿಸುವ ಸ್ವಯಂಸೇವಕಿಯರ ಬಳಗಕ್ಕೆ ಇಟ್ಟಿರುವ ಹೆಸರು ಮಾರಿಯೆತ್ತೆ. ಓರ್ವ ಮನೆಗೆಲಸದಾಕೆಯ ಹೆಸರು ಹೀಗೆ ಒಂದು ಪರಂಪರೆಯ ಹೆಸರಾಗಿದೆ. ಬೊಲೋನ್ಯಾ ಅಥವಾ ಫ್ಲಾರೆನ್ಸಿಗೆ ಹೋಗುವ ನಮ್ಮವರು ಒಂದು ದಿನವನ್ನು ಈ ಊರಿಗೂ, ಇನ್ನೊಂದು ಸಂಜೆಯನ್ನು ಬೆರ್ತಿನೊರೊದ ಆತಿಥ್ಯದ ಕಂಬಕ್ಕೂ ಮೀಸಲಿಟ್ಟರೆ, ಪ್ರವಾಸಿ ಸಂಸ್ಥೆಗಳ ಪಟ್ಟಿಯಲ್ಲಿಲ್ಲದ ಇಟಲಿಯೊಂದು ಅವರಿಗೆ ದೊರೆತೀತು. ಸಸ್ಯಾಹಾರಿಗಳೂ ಅಂಜಬೇಕಾಗಿಲ್ಲ, ಸೊಪ್ಪು, ರಿಕೋತ್ತಾ ತುಂಬಿದ ಪುಟ್ಟ ಕಡುಬುಗಳೂ ಬದನೆಯ ಬಗೆಗಳೂ ಅಲ್ಲಿ ಧಾರಾಳ. ಮೂಳೆಯ ರಸದಲ್ಲಿ ಬೇಯಿಸಿದ್ದೇ ಎಂದು ಮುಂಚಿತವಾಗಿ ವಿಚಾರಿಸಿಕೊಂಡರೆ ಸಾಕು.

ಈ ಕಥೆಯ ಇತ್ತೀಚಿನ ಅಧ್ಯಾಯ ಬರೆಯಲ್ಪಟ್ಟದ್ದು ನಮ್ಮ ದೆಹಲಿಯಲ್ಲಿ. 2025ರ ಡಿಸೆಂಬರಿನಲ್ಲಿ ಕೆಂಪು ಕೋಟೆಯಲ್ಲಿ ಸೇರಿದ ಯುನೆಸ್ಕೊ ಸಮಿತಿಯು ಇಟಲಿಯ ಅಡುಗೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದೀಪಾವಳಿಯೂ ಅದೇ ಅಧಿವೇಶನದಲ್ಲಿ ಆ ಗೌರವಕ್ಕೆ ಪಾತ್ರವಾಯಿತು. ಮಾನ್ಯತೆ ದೊರೆತದ್ದು ಯಾವುದೋ ಒಂದು ಭಕ್ಷ್ಯಕ್ಕಲ್ಲ. ಮನೆಮಂದಿ ಒಂದೇ ಮೇಜಿನ ಸುತ್ತ ಸೇರಿ ಮಾಡುವ, ಹಂಚುವ, ಮುಂದಿನವರಿಗೆ ಕಲಿಸುವ ಒಂದು ಜೀವನಕ್ರಮಕ್ಕೆ. 1891ರಲ್ಲಿ ಸಾವ್ಕಾರರ ಬಾಣಸಿಗರನ್ನು ಬಿಟ್ಟು ಸಾಮಾನ್ಯ ಗೃಹಿಣಿಯರನ್ನು ನೆಚ್ಚಿ ಪುಸ್ತಕ ಬರೆದ ಅರ್ತೂಸಿಯವರು ಹಿಡಿದ ದಾರಿಯೂ ಇದೇ ಆಗಿತ್ತು.

ಹುಟ್ಟೂರನ್ನು ಬಿಟ್ಟು ಬೇರೆ ಮಾತಿನ ನಗರದಲ್ಲಿ ಬೇರು ಬಿಟ್ಟವರಿಗೆ ಪೆಲ್ಲೆಗ್ರೀನೊ ಅರ್ತೂಸಿಯವರ ಬದುಕು ವಿಶೇಷವಾಗಿ ಅರ್ಥವಾಗುತ್ತದೆ. ಅವರು ಫ್ಲಾರೆನ್ಸಿನ ಭಾಷೆಯನ್ನು ಮನಸಾರೆ ತಮ್ಮದಾಗಿಸಿಕೊಂಡರು, ಆದರೆ ರೊಮಾನ್ಯಾದ ಕಪ್ಪೆಲ್ಲೆತ್ತಿಯ ರುಚಿಯನ್ನು ಬಿಟ್ಟುಕೊಡಲಿಲ್ಲ. ಕ್ರಿಸ್ಮಸ್ ದಿನ ಆ ಪುಟ್ಟ ಟೋಪಿಯಾಕಾರದ ಕಡುಬುಗಳನ್ನು ನೂರು ತಿಂದೆವೆಂದು ಜಂಬ ಕೊಚ್ಚುವ ತಮ್ಮೂರಿನ ಭೋಜನಪ್ರಿಯರನ್ನು ತಮ್ಮ ಗ್ರಂಥದಲ್ಲಿ ಅಕ್ಕರೆಯಿಂದಲೇ ನೆನೆದರು. ಕಳೆದುಹೋದ ಮನೆಯ ಅಡುಗೆಯನ್ನು ಹೊಸ ಮನೆಯ ಮಾತಿನಲ್ಲಿ ಬರೆದಿಟ್ಟು, ಎರಡನ್ನೂ ಉಳಿಸಿದ ಹಿರಿಯರವರು.